ಕೊಟ್ಟ ಹೆಣ್ಣಿನ ಎಡೆ

ಅಕ್ಕ ಹಡಗಿಗೆ ಹೋಗುತ್ತಾಳೆ ಎನ್ನುವುದು ಸಿದ್ದರಾಜುವಿನ ಮನೆಯಲ್ಲಿ ಹೊಸ ಮಾತೇನಲ್ಲ. ಈ ಸಲ ಹೋದವಳು ಮತ್ತೆ ಬರುವುದಿಲ್ಲ ಎನ್ನುವುದು ಹೊಸದು.

ಅಕ್ಕ ಅನುಸೂಯಮ್ಮ ನೆಲಮಂಗಲದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು. ಗಂಡ ಕಾಂತರಾಜು ಬದುಕಿದ್ದಾಗ ಇಬ್ಬರೂ ಕೂಡಿ ಒಮ್ಮೆ ಸಿಂಗಪುರದಲ್ಲಿ ಪ್ರವಾಸಿ ಹಡಗು ಹತ್ತಿದ್ದರು. ಭಾವನಿಗೆ ಅದು ಸೇರಲಿಲ್ಲ. ಹೋದಷ್ಟು ದಿನವೂ ಕೋಣೆಯಲ್ಲಿ ಮಲಗಿ ವಾಂತಿ ಮಾಡಿಕೊಂಡು ಬಂದರು. ಅಕ್ಕನಿಗೆ ಮಾತ್ರ ಅದು ಚಟದ ಹಾಗೆ ಅಂಟಿಕೊಂಡಿತು. ಭಾವ ತೀರಿಕೊಂಡ ಮೇಲೆ ವರ್ಷಕ್ಕೊಂದು, ಕೆಲವು ವರ್ಷ ಎರಡು ಹಡಗು. ಮಕ್ಕಳಿಲ್ಲ, ಪೆನ್ಷನ್ ಇದೆ, ಮಂಡಿ ಗಟ್ಟಿಯಾಗಿದೆ, ತಡೆಯುವವರು ಯಾರು? ಊರಿನವರು ಅವಳನ್ನು ‘ಹಡಗಿನ ಮೇಡಮ್ಮು’ ಎಂದು ಕರೆಯಲು ಶುರುಮಾಡಿ ಬಹಳ ಕಾಲವಾಗಿತ್ತು.

ಈಗ ಅವಳು ಹಿಡಿದಿದ್ದು ಬೇರೆ ಥರದ ಹಡಗು. ಅದಕ್ಕೆ ಜನ ಪ್ರವಾಸಕ್ಕೆಂದು ಹತ್ತುವುದಿಲ್ಲ, ಬಾಳುವುದಕ್ಕೆಂದು ಹತ್ತುತ್ತಾರೆ. ಒಂದು ಕೋಣೆ ಕೊಂಡುಕೊಂಡರೆ ಅದೇ ಮನೆ; ಹಡಗು ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಸುತ್ತುತ್ತಲೇ ಇರುತ್ತದೆ. ಅಕ್ಕ ನಾಗರಬಾವಿಯ ಫ್ಲ್ಯಾಟು ಮಾರಿದಳು. ಪಾತ್ರೆಪಡಗಗಳನ್ನು ಕೇಳಿದವರಿಗೆ ಕೊಟ್ಟಳು. ಎರಡು ಸೂಟ್‌ಕೇಸು ಹಿಡಿದು, ಹಿರಿಯರ ಹಬ್ಬ ಮುಗಿಸಿಕೊಂಡು ಹೋಗುತ್ತೇನೆಂದು ತವರಿಗೆ ಬಂದಳು. ಮಹಾಲಯ ಅಮಾವಾಸ್ಯೆಯ ಮಾರನೆಯ ದಿನ ಅವಳ ವಿಮಾನ.

ಸಿದ್ದರಾಜು ದಾಬಸ್‌ಪೇಟೆಯ ಗೋದಾಮೊಂದರಲ್ಲಿ ಸೂಪರ್‌ವೈಸರು. ಅವ್ವ ಸೊಣ್ಣಮ್ಮ ಹೋದಾಗ ಅವನಿನ್ನೂ ಹಾಲು ಬಿಟ್ಟಿರಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅಕ್ಕ ಮಿಡ್ಲ್‌ಸ್ಕೂಲು ಮುಗಿಸಿದಳು ಎಂದು ಊರಲ್ಲಿ ಈಗಲೂ ಹೇಳುತ್ತಾರೆ. ಅವನಿಗೆ ಅವ್ವನ ಮುಖ ಗೊತ್ತಿರುವುದು ಫೋಟೋದಲ್ಲಿ. ಅವ್ವನ ಕೈ ಎಂದರೆ ಅಕ್ಕನ ಕೈಯೇ. ಅಕ್ಕ ಫ್ಲ್ಯಾಟು ಮಾರುತ್ತಾಳೆಂದು ಕಿವಿಗೆ ಬಿದ್ದ ತಿಂಗಳಲ್ಲೇ ಅವನು ಮನೆಯ ಪಕ್ಕಕ್ಕೆ ಹೊಸ ರೂಮೊಂದನ್ನು ಎಬ್ಬಿಸಿದ. ಒಳಗೇ ಬಚ್ಚಲು, ಹಿಡಿದುಕೊಳ್ಳಲು ಗೋಡೆಗೆ ಸ್ಟೀಲಿನ ಕಂಬಿ, ಶಿವಗಂಗೆ ಬೆಟ್ಟ ಕಾಣುವ ಹಾಗೆ ಕಿಟಕಿ. ಇನ್ನು ಉಳಿದಿದ್ದು ಒಂದೇ ಕೆಲಸ: ‘ಅಕ್ಕ, ಇಲ್ಲೇ ಇದ್ದುಬಿಡು’ ಎನ್ನುವುದು. ಅವಳು ಬಂದು ವಾರವಾದರೂ ಆ ಮಾತು ಅವನ ಬಾಯಿಂದ ಹೊರಟಿರಲಿಲ್ಲ. ಆ ಮನೆಯ ಗಂಡಸರು ಜೀವ ಹಿಂಡುವ ಮಾತುಗಳನ್ನು ಎತ್ತಿನ ಹತ್ತಿರ ಆಡಿಕೊಂಡವರು. ಈಗ ಮನೆಯಲ್ಲಿ ಎತ್ತೂ ಇರಲಿಲ್ಲ.

ಅಮಾವಾಸ್ಯೆಯ ದಿನ ಅವನು ರಜೆ ಹಾಕಿದ. ಅಡುಗೆಮನೆಯ ಹೊಸ್ತಿಲ ಬಳಿ ಈಳಿಗೆಮಣೆ ಹಾಕಿಕೊಂಡು ಕಾಯಿ ತುರಿಯುತ್ತ ಕೂತ. ಒಳಗೆ ಹೆಂಡತಿ ಮಮತ ವಡೆ ತಟ್ಟುತ್ತಿದ್ದಳು. ಅಕ್ಕ ಪಕ್ಕದಲ್ಲಿ ನಿಂತು ಎಣ್ಣೆಗೆ ಬಿಡುತ್ತಿದ್ದಳು. ಮಗಳು ಸಿಂಚನ ಬೆಳ್ಳುಳ್ಳಿ ಬಿಡಿಸುವ ನೆಪದಲ್ಲಿ ಮೊಬೈಲು ನೋಡುತ್ತಿದ್ದಳು. ಇವತ್ತು ಹೇಗಾದರೂ ಹೇಳಿಬಿಡಬೇಕು ಎಂದು ಅವನು ಬೆಳಗ್ಗೆ ಮುಖ ತೊಳೆಯುವಾಗಲೇ ತೀರ್ಮಾನ ಮಾಡಿದ್ದ.

"ಅಲ್ಲಾ ಅಕ್ಕಾ, ಅಲ್ಲಿ ಹೊತ್ತು ಹೆಂಗೆ ಹೋಗುತ್ತೆ ನಿಮ್ಗೆ?" ಮಮತ ಕೇಳಿದಳು. "ಸುತ್ತ ನೀರು ಬಿಟ್ರೆ ಇನ್ನೇನೂ ಇಲ್ವಂತೆ."

"ನೀರನ್ನ ಯಾರು ನೋಡ್ತಾರೆ ಮಮತಾ? ಮೊದಲ್ನೇ ದಿನ ನೋಡ್ತಾರೆ. ಆಮೇಲೆ ಎಲ್ಲಾ ಬೆನ್ನು ಹಾಕ್ಕೊಂಡೇ ಕೂತ್ಕೊಳ್ಳೋದು." ಅಕ್ಕ ಜಾಲರಿ ಸೌಟಿನಲ್ಲಿ ವಡೆಯನ್ನು ಮಗುಚಿದಳು. "ಹಡಗು ಅಂದ್ರೆ ತೇಲೋ ಕಲ್ಯಾಣ ಮಂಟಪ ಕಣೆ. ಮದುವೆ ಒಂದಿಲ್ಲ ಅಷ್ಟೆ. ಬೆಳಗಿಂದ ಪಂಕ್ತಿ ಮೇಲೆ ಪಂಕ್ತಿ. ಒಂದು ಕಡೆ ವಾಲಗ, ಇನ್ನೊಂದು ಕಡೆ ಇಸ್ಪೀಟು, ಮೆಟ್ಲ ಹತ್ರ ಯಾವಳೋ ಒಬ್ಳು ಗಂಡನ ಮೇಲೆ ಮುನಿಸ್ಕೊಂಡು ಕೂತಿರ್ತಾಳೆ. ಮುಯ್ಯಿ ಮಾಡೋ ಹಾಗಿಲ್ಲ, ಯಾರ ಕಡೆಯೋರು ಅಂತ ಹೇಳೋ ಹಾಗಿಲ್ಲ."

"ಅಷ್ಟೊಂದು ಊಟ ಇರುತ್ತಾ?"

"ಇರೋದೇ ಅದು. ಮೊದ್ಲ ಎರಡು ದಿನ ಜನ ಅನ್ನ ಕಾಣದೋರ ಥರ ತಿಂತಾರೆ. ಮೂರನೇ ದಿನ ಉಪ್ಪಿಲ್ಲ, ಖಾರ ಇಲ್ಲ ಅಂತ ಗೊಣಗ್ತಾರೆ. ತಟ್ಟೆ ತುಂಬ ಹಾಕ್ಕೊಂಡು ಒಂದು ಮೂಲೆ ಕಚ್ಚಿ ಬಿಟ್ಟು ಎದ್ದೋಗ್ತಾರೆ. ನಮ್ಮಪ್ಪ ನೋಡಿದ್ರೆ ಸಮುದ್ರಕ್ಕೆ ಹಾರ್ಕೊಂಡಿರೋನು."

ಸಿಂಚನ ತಲೆಯೆತ್ತಿದಳು. "ಅತ್ತೆ, ನಿಮ್ ರೂಮಿಗೆ ಬಾಲ್ಕನಿ ಇದ್ಯಾ? ಸನ್‌ಸೆಟ್ ರೀಲ್ಸ್ ಕಳ್ಸಿ ನಂಗೆ."

"ಬಾಲ್ಕನಿ ತಗೊಳ್ಳೋರೆಲ್ಲ ಹೊಸಬರು ಕಣೆ. ತಿಳಿದೋರು ತಗೊಳ್ಳೋದು ಹಡಗಿನ ನಡುಮಧ್ಯ, ಕೆಳಗಿನ ಅಂತಸ್ತು. ಅಲ್ಲಿ ತೂಗಾಟ ಕಮ್ಮಿ. ಡ್ಯಾನ್ಸ್ ಮಾಡೋ ಹಾಲ್ ಕೆಳಗಡೆ ಮಾತ್ರ ತಗೋಬಾರ್ದು, ತಲೆ ಮೇಲೆ ಕುಣೀತಾರೆ. ನಂದು ಕಿಟಕಿ ಇಲ್ಲದ್ದು."

ಸಿದ್ದರಾಜುವಿನ ಕೈ ನಿಂತಿತು. "ಕಿಟಕಿ ಇಲ್ವಾ?"

"ಇಲ್ಲ. ಬಾಗ್ಲು ಹಾಕಿದ್ರೆ ಹಗಲೋ ರಾತ್ರಿಯೋ ಗೊತ್ತಾಗಲ್ಲ. ಗೋಡೆ ಒಳಗಿಂದ ಇಂಜಿನ್ ಸದ್ದು ಬರ್ತಾ ಇರುತ್ತೆ, ಮುದ್ದೆಗೆ ಇಟ್ಟ ಎಸರು ಕುದಿಯೋ ಥರ. ಅಂಥಾ ನಿದ್ದೆ ನಂಗೆ ಇನ್ನೆಲ್ಲೂ ಬಂದಿಲ್ಲ. ಎಲ್ಲಾ ಬಾಗ್ಲೂ ಒಂದೇ ಥರ ಇರುತ್ವಲ್ಲ, ಅದಕ್ಕೆ ನಂದಕ್ಕೆ ಪ್ಲಾಸ್ಟಿಕ್ ಮಾವಿನೆಲೆ ತೋರಣ ಕಟ್ಟಿರ್ತೀನಿ, ಅಯಸ್ಕಾಂತ ಅಂಟಿಸಿ. ರೂಮ್ ಗುಡಿಸೋ ಹುಡುಗ ಗೋವಾದವನು. ಸಾಯಂಕಾಲ ಟವಲ್ ಮಡಚಿ ಹಾಸಿಗೆ ಮೇಲೆ ಆನೆ ಮಾಡಿ ಇಡ್ತಿದ್ದ. ಮೊದ್ಲ ಸಲ ನಾನು ಗಣೇಶ ಅಂದ್ಕೊಂಡು ಕುಂಕುಮ ಇಟ್ಬಿಟ್ಟಿದ್ದೆ. ಮಾರನೇ ದಿನ ಒಗೆಯೋಕೆ ಕೊಡೋಕೂ ಮನಸಿಲ್ಲ, ಒರೆಸ್ಕೊಳ್ಳೋಕೂ ಮನಸಿಲ್ಲ."

ಸಿಂಚನ ನಕ್ಕಳು. ಮಮತಳೂ ನಕ್ಕಳು. ನಗು ಇಳಿಯುವಷ್ಟರಲ್ಲಿ ಮಮತಳಿಗೆ ಬೇರೊಂದು ಯೋಚನೆ ಬಂದಿತ್ತು. ಸೌಟಿನ ಸದ್ದಿನೊಳಗೆ ಮಾತನ್ನು ಅಡಗಿಸುವ ಹಾಗೆ ಕೇಳಿದಳು: "ಅಲ್ಲೇ ಯಾರಾದ್ರೂ... ಹೋಗ್ಬಿಟ್ರೆ?"

"ಹೋಗ್ತಾರೆ. ಹತ್ತೋರೆಲ್ಲ ಮುದುಕ್ರು, ಹೋಗ್ದೆ ಇರ್ತಾರಾ? ಕೆಳಗಡೆ ತಣ್ಣಗಿರೋ ಕೋಣೆ ಇದೆ. ಮೂರ್ನಾಲ್ಕು ಜನಕ್ಕೆ ಜಾಗ. ಮುಂದಿನ ಊರು ಬರೋ ತನಕ ಅಲ್ಲಿಟ್ಟಿರ್ತಾರೆ."

ಮಮತಳ ಬೆರಳಿನಿಂದ ವಡೆಯ ಹಿಟ್ಟು ದಪ್ಪನೆ ಎಣ್ಣೆಗೆ ಬಿತ್ತು. "ಅಯ್ಯೋ! ಮೇಲ್ಗಡೆ ಜನ ಊಟ ಮಾಡ್ತಿರ್ತಾರಾ?"

"ಮಾಡ್ದೆ? ಒಂದ್ಸಲ ಇದ್ದಕ್ಕಿದ್ದಂಗೆ ಎಲ್ಲರನ್ನೂ ಕರೆದು ಕರೆದು ಐಸ್‌ಕ್ರೀಮ್ ಹಂಚಿದ್ರು. ಪಕ್ಕದ ಮೇಜಿನ ಮುದುಕ ನನ್ನ ಕಿವೀಲಿ ಹೇಳ್ದ, ‘ಕೆಳಗೆ ಜಾಗ ಸಾಲ್ತಾ ಇಲ್ಲ, ಅದಕ್ಕೇ ಫ್ರಿಜ್ ಖಾಲಿ ಮಾಡ್ತಾವ್ರೆ’ ಅಂತ. ತಮಾಷೆಗೋ ನಿಜವೋ ಯಾರಿಗ್ಗೊತ್ತು."

"ನೀವು ತಿಂದ್ರಾ ಅತ್ತೆ?" ಸಿಂಚನಳ ಕಣ್ಣು ಅರಳಿತ್ತು.

"ತಿಂದೆ. ಮಾವಿನಹಣ್ಣಿಂದು."

ಅಕ್ಕ ಒಲೆಯ ಉರಿ ಸಣ್ಣಗೆ ಮಾಡಿ, ಯಾರೂ ಕೇಳದಿದ್ದರೂ ಮುಂದುವರಿಸಿದಳು. "ನನ್ನ ಮೇಜಲ್ಲಿ ಒಬ್ಳು ಕೂರ್ತಿದ್ಲು. ಅವಳು ಇಳೀತಾನೇ ಇರ್ಲಿಲ್ಲ, ಒಂದು ಹಡಗಿಂದ ಇನ್ನೊಂದಕ್ಕೆ ಹತ್ಕೊಂಡೇ ಇರೋಳು. ದಿನಾ ಬೆಳಗ್ಗೆ ಎರಡು ಬೇಯ್ಸಿದ ಮೊಟ್ಟೆ, ಒಂದು ಪೇಪರು. ಒಂದಿನ ಬೆಳಗ್ಗೆ ಕುರ್ಚಿ ಖಾಲಿ ಇತ್ತು. ಮಧ್ಯಾಹ್ನಕ್ಕೆ ಅದೇ ಕುರ್ಚೀಲಿ ಇನ್ಯಾರೋ ಕೂತು ಸೂಪ್ ಕುಡೀತಿದ್ರು. ಯಾರೂ ಏನೂ ಕೇಳ್ಲಿಲ್ಲ. ಸಾಯಂಕಾಲ ಮ್ಯಾಜಿಕ್ ಶೋ ಇತ್ತು, ನಾನೂ ಹೋದೆ. ಚೆನ್ನಾಗೇ ಇತ್ತು."

ಈಳಿಗೆಯ ಹಲ್ಲು ಸಿದ್ದರಾಜುವಿನ ಹೆಬ್ಬೆರಳನ್ನು ಕೆರೆದು ಹಾಕಿತು. ತುರಿಯ ಮೇಲೆ ಒಂದು ಹನಿ ಕೆಂಪು ಬಿತ್ತು. ಎಡೆಗೆ ಇಡುವ ಅಡುಗೆ. ಅವನು ಅಷ್ಟು ತುರಿಯನ್ನು ತೆಗೆದು ಆಚೆ ಎಸೆದ. ಬೆರಳು ಬಾಯಲ್ಲಿಟ್ಟುಕೊಂಡೇ ಕೇಳಿದ: "ಥೂ. ಅಂಥಾ ಜಾಗಕ್ಕೆ ಯಾಕಕ್ಕ ಹೋಗ್ಬೇಕು?"

"ಅದಕ್ಕೇ ಕಣೋ ಹೋಗೋದು," ಎಂದಳು ಅಕ್ಕ.

ಈಗ ಹೇಳಬಹುದಾಗಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವಳ ದನಿಯಲ್ಲಿ ಬೇಸರವೂ ಇರಲಿಲ್ಲ, ಹುಡುಗಾಟವೂ ಇರಲಿಲ್ಲ. ಬಸ್ಸಿನ ವೇಳೆ ಹೇಳಿದ ಹಾಗಿತ್ತು. ಅದರ ಎದುರಿಗೆ ತನ್ನ ಮಾತನ್ನು ಎಲ್ಲಿ ಇಡಬೇಕೆಂದು ಅವನಿಗೆ ಕಾಣಲಿಲ್ಲ. ಸುಮ್ಮನೆ ಎದ್ದು ಬೆರಳಿಗೆ ಅರಿಶಿನ ಹಚ್ಚಿಕೊಂಡ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಮನೆ ಸಾರಿಸಿ ಸಿದ್ಧವಾಯಿತು. ಗೋಡೆಗೆ ಒರಗಿಸಿ ಅಪ್ಪ ಪಿಳ್ಳಪ್ಪನ ಫೋಟೋ, ಅವ್ವ ಸೊಣ್ಣಮ್ಮನ ಫೋಟೋ. ತಾತ ಅಜ್ಜಿಯರಿಗೆ ಫೋಟೋ ಇಲ್ಲ, ಎರಡು ತಂಬಿಗೆಗೆ ಹೂ ಮುಡಿಸಿ ಇಟ್ಟರು. ಹೊಸ ಪಂಚೆ, ಹೊಸ ಸೀರೆ, ಅಪ್ಪನಿಗೆ ಒಂದು ಕಟ್ಟು ಬೀಡಿ. ಎದುರಿಗೆ ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ. ಎಲೆ ಹಾಕಿದವಳು ಅಕ್ಕ. ಬಡಿಸಲು ಬಂದ ಮಮತ ತಡೆದು ನಿಂತಳು.

"ಐದು ಹಾಕಿದ್ದೀರಲ್ಲಕ್ಕಾ?"

"ಇರ್ಲಿ, ಬಡಿಸು."

ಐದನೆಯ ಎಲೆಯ ಮುಂದೆ ಫೋಟೋ ಇರಲಿಲ್ಲ. ಬಟ್ಟೆಯಂಗಡಿಯ ಒಂದು ಕವರು ಇತ್ತು. ಮಮತ ಅಡುಗೆಮನೆಗೆ ಹೋಗಿ ಗಂಡನನ್ನು ಮೊಣಕೈಯಲ್ಲಿ ತಿವಿದಳು. "ಭಾವನೋರಿಗೆ ಅಂತ ಕಾಣುತ್ತೆ. ಅವರ ಎಡೆ ಹೊಸಕೋಟೆ ಕಡೆ ಅವರ ಮನೇಲಿ ಇಡ್ತಾರಲ್ಲ? ಬೇರೆ ಮನೆಯೋರನ್ನ ನಮ್ಮ ಸಾಲಲ್ಲಿ ಕೂರ್ಸೋದಾ?"

"ಬಿಡೇ. ಗಂಡ ಅಲ್ವಾ. ಹೋಗೋ ಮುಂಚೆ ಒಂದು ಸಲ ಆಸೆ," ಎಂದ ಸಿದ್ದರಾಜು. ಹೋಗೋ ಮುಂಚೆ ಎನ್ನುವ ಮಾತು ತನ್ನ ಬಾಯಿಂದಲೇ ಬಂದಿತ್ತು.

ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ವಡೆ, ಕಜ್ಜಾಯ, ಕುಂಬಳಕಾಯಿ ಪಲ್ಯ. ಐದೂ ಎಲೆ ತುಂಬಿದವು. ಸಿದ್ದರಾಜು ಕಾಯಿ ಒಡೆದು, ಕೆಂಡಕ್ಕೆ ಸಾಂಬ್ರಾಣಿ ಸುರಿದ. ಹೊಗೆ ಎದ್ದು ಎದುರಿನವರ ಮುಖವೇ ಕಾಣದಂತಾಯಿತು. ಎಲ್ಲರೂ ಅಡ್ಡಬಿದ್ದರು. ಲೈಟು ಆರಿಸಿ, ಕಣ್ಣು ಉಜ್ಜಿಕೊಳ್ಳುತ್ತ ಹೊರಬಂದರು. ಸಿದ್ದರಾಜು ಬಾಗಿಲು ಎಳೆದುಕೊಂಡ. ಒಳಗೆ ಹಚ್ಚಿಟ್ಟ ಊದುಬತ್ತಿ ಉರಿದು ಮುಗಿಯುವವರೆಗೆ ಯಾರೂ ಒಳಗೆ ಹೋಗಬಾರದು, ಯಾರೂ ಮಾತಾಡಬಾರದು. ಮನುಷ್ಯರ ಮಾತು ಕಿವಿಗೆ ಬಿದ್ದರೆ ಹಿರಿಯರು ಅರ್ಧ ಊಟಕ್ಕೇ ಎದ್ದುಹೋಗುತ್ತಾರೆ.

ವರ್ಷದಲ್ಲಿ ಸಿದ್ದರಾಜುವಿಗೆ ಬಹಳ ಇಷ್ಟದ ಹೊತ್ತು ಇದೇ. ಗೋದಾಮಿನಲ್ಲಿ ಲಾರಿಗಳ ಹಾರನ್ನು, ಮನೆಯಲ್ಲಿ ಟೀವಿ. ಇಷ್ಟು ಜನ ಒಟ್ಟಿಗೆ ನಿಂತು ಬಾಯಿ ಮುಚ್ಚಿಕೊಂಡಿರುವುದು ಇವತ್ತೊಂದೇ ದಿನ. ಹೆದ್ದಾರಿಯ ಕಡೆಯಿಂದ ದೂರದ ಗುಯ್‌ಗುಟ್ಟುವಿಕೆ ಬರುತ್ತಿತ್ತು. ಮಮತ ಸೆರಗು ಹೊದ್ದು ಕಂಬಕ್ಕೆ ಒರಗಿದ್ದಳು. ಸಿಂಚನ ಮೊಬೈಲನ್ನು ಎದೆಗೆ ಒತ್ತಿಕೊಂಡು ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದಳು. ಅಕ್ಕ ಕಾಣಲಿಲ್ಲ. ಹೊಗೆಗೆ ಕಣ್ಣು ಉರಿದು ಹೊಸ ರೂಮಿಗೆ ಮುಖ ತೊಳೆಯಲು ಹೋಗಿರಬೇಕು ಎಂದುಕೊಂಡ. ಅವಳು ಬಂದ ಮೇಲೆ, ಬಾಗಿಲು ತೆಗೆದು ಊಟಕ್ಕೆ ಕೂರುವ ಮುಂಚೆ, ಇಲ್ಲಿ ಈ ಕಂಬದ ಹತ್ತಿರವೇ ಹೇಳಿಬಿಡುತ್ತೇನೆ. ಇಲ್ಲೇ ಇದ್ದುಬಿಡು. ಎಷ್ಟು ಸಣ್ಣ ಮಾತು.

ಆಗ ಒಳಗಿನಿಂದ ಸದ್ದು ಬಂತು.

ಮೊದಲು ನೀರಿನ ಲೋಟ ನೆಲಕ್ಕೆ ತಾಗಿದ ಸದ್ದು. ಮಮತ ನೆಟ್ಟಗಾದಳು. ‘ಬೆಕ್ಕು’ ಎಂದು ತುಟಿಯಲ್ಲೇ ಅಂದಳು. ಸಿದ್ದರಾಜು ಅಲ್ಲವೆಂದು ತಲೆಯಾಡಿಸಿದ, ಕಿಟಕಿ ಹಾಕಿದ್ದವನು ಅವನೇ. ಆಮೇಲೆ ಗುಟುಕು ಗುಟುಕಾಗಿ ನೀರು ಕುಡಿದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಬಾಗಿಲಿನ ಆ ಕಡೆಯಿಂದ ಸ್ಪಷ್ಟವಾಗಿ, ಮೂಳೆಯನ್ನು ತುಟಿಗಿಟ್ಟು ಚೀಪುವ ಸದ್ದು.

ಅಪ್ಪ ಹಾಗೆಯೇ ಚೀಪುತ್ತಿದ್ದ. ನಲ್ಲಿಮೂಳೆ ಸಿಕ್ಕಿದರೆ 'ಸುರ್' ಎಂದು ಎಳೆದು, ಆಮೇಲೆ ಎಲೆಯ ಅಂಚಿಗೆ ಕುಟ್ಟುತ್ತಿದ್ದ. ಒಳಗೆ ಈಗ ಕುಟ್ಟಿದ ಸದ್ದೂ ಕೇಳಿಸಿತು. ಸಿಂಚನ ಅಮ್ಮನ ತೋಳನ್ನು ಉಗುರು ನಾಟುವಂತೆ ಹಿಡಿದಳು. ಮಮತ ಕಣ್ಣು ಮುಚ್ಚಿ ಮನೆದೇವರ ಹೆಸರನ್ನು ತುಟಿಯಲ್ಲೇ ಹೇಳಿಕೊಳ್ಳತೊಡಗಿದಳು. ವರ್ಷಾವರ್ಷ ಬನ್ನಿ ಉಣ್ಣಿ ಎಂದು ಕರೆದವರು ನಿಜವಾಗಿಯೂ ಬಂದು ಕೂತರೆ ಎದುರಿಸುವ ಧೈರ್ಯ ಆ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ.

ಬಾಗಿಲು ತೆಗೆಯುವ ಮುಂಚೆ ಕೆಮ್ಮಬೇಕು, ಒಳಗಿರುವವರಿಗೆ ಎದ್ದು ಹೋಗಲು ಸೂಚನೆ ಕೊಡಬೇಕು. ಸಿದ್ದರಾಜು ಕೆಮ್ಮಿದ. ಗಂಟಲಿನಿಂದ ಗಾಳಿ ಮಾತ್ರ ಬಂತು. ಬಾಗಿಲು ನೂಕಿ ಲೈಟಿನ ಗುಂಡಿ ಒತ್ತಿದ.

ಐದನೆಯ ಎಲೆಯ ಮುಂದೆ ಅಕ್ಕ ಕೂತಿದ್ದಳು.

ಕವರಿನಲ್ಲಿದ್ದ ಹೊಸ ಸೀರೆಯನ್ನು ಮೈತುಂಬ ಹೊದ್ದಿದ್ದಳು. ಅದರ ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಹಸಿಯಾಗಿತ್ತು. ಎಡಕ್ಕೆ ಅಪ್ಪನ ಎಲೆ, ಅವ್ವನ ಎಲೆ, ತಾತ ಅಜ್ಜಿಯರ ಎಲೆ, ಒಂದು ಅಗುಳೂ ಅಲುಗದೆ. ಬಲತುದಿಯ ಇವಳ ಎಲೆಯಲ್ಲಿ ಮಾತ್ರ ಮುದ್ದೆ ಅರ್ಧ ಕರಗಿತ್ತು, ವಡೆ ಮುರಿದಿತ್ತು, ಚೀಪಿದ ಮೂಳೆ ಅಂಚಿನಲ್ಲಿತ್ತು. ಅವಳು ಬೆಳಕಿಗೆ ಕಣ್ಣು ಕಿರಿದು ಮಾಡಿ, ತುತ್ತು ಕೈಯಲ್ಲಿ ಹಿಡಿದುಕೊಂಡೇ ಅವರ ಕಡೆ ನೋಡಿದಳು.

ಮಮತ ಕಿರುಚಿದ್ದು ಪಕ್ಕದ ಮನೆಯವರೆಗೂ ಕೇಳಿಸಿರಬೇಕು. "ಅಯ್ಯೋ ಶಿವನೇ! ಬದುಕಿರೋರು ಎಡೆ ಮುಟ್ಟಿದ್ರೆ ವರ್ಷ ತುಂಬಲ್ಲ ಅಂತಾರೆ! ಏನಕ್ಕಾ ಮಾಡ್ಕೊಂಡ್ರಿ ಇದು!"

"ಕಾಗೆ ಮುಟ್ಟಿದ್ರೆ ಕೈ ಮುಗೀತೀರಾ, ನಾನು ಮುಟ್ಟಿದ್ರೆ ಕಿರುಚ್ತೀರಾ?" ಅಕ್ಕ ತುತ್ತನ್ನು ಬಾಯಿಗಿಟ್ಟುಕೊಂಡಳು.

ಸಿದ್ದರಾಜು ಬಾಗಿಲಲ್ಲೇ ನಿಂತು ನೋಡಿದ. ಆ ಸಾಲು, ಆ ಹೊಗೆ, ಅದರ ತುದಿಯಲ್ಲಿ ಅವಳು. ಸತ್ತವರ ಪಂಕ್ತಿಯಲ್ಲಿ ಅಕ್ಕನನ್ನು ನೋಡುವುದು ಹೇಗಿರುತ್ತದೆಂದು ಯಾರೋ ಕತ್ತು ಹಿಡಿದು ತೋರಿಸಿದ ಹಾಗಿತ್ತು. ಹುಟ್ಟಿದಾಗಿನಿಂದ ಅವಳ ಮುಂದೆ ದನಿಯೆತ್ತದವನು ಈಗ ಕೂಗಿದ. "ಹುಚ್ಚು ಹಿಡೀತೇನಕ್ಕ ನಿಂಗೆ? ಅಪ್ಪ ಅವ್ವನ ಸಾಲಲ್ಲಿ ಕೂತು... ಯಾರದು ಆ ಎಲೆ?"

"ನಂದು."

"ನಿಂಗ್ಯಾಕೆ ಎಡೆ?"

"ನೀನೇ ಹೇಳು. ನಾನು ಸತ್ರೆ ನಂಗೆ ಎಡೆ ಎಲ್ಲಿ ಇಡ್ತಾರೆ?"

"ಇಲ್ಲೇ..." ಎಂದು ಶುರುಮಾಡಿದ ಸಿದ್ದರಾಜು ನಿಂತ. ಇಲ್ಲಿ ಇಡುವುದಿಲ್ಲ. ಅದು ಅವನಿಗೆ ಗೊತ್ತಿತ್ತು, ಮಮತಳಿಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ಕೊಟ್ಟ ಹೆಣ್ಣು ಗಂಡನ ಮನೆಯವಳು. ಅವಳ ಎಡೆ ಅಲ್ಲಿ, ಅವಳ ಮಕ್ಕಳು ಇಟ್ಟರೆ.

"ಹೊಸಕೋಟೇಲಿ ನಿಮ್ಮ ಭಾವನ ತಮ್ಮನ ಮಕ್ಕಳಿದಾರೆ," ಎಂದಳು ಅಕ್ಕ. "ಚಿಕ್ಕ ವಯಸ್ಸಿನ ಹುಡುಗ್ರು, ಒಳ್ಳೆಯವ್ರೇ. ಅವರ ದೊಡ್ಡಪ್ಪನಿಗೇ ಇಡ್ತಾರೋ ಇಲ್ವೋ. ನನ್ನ ಹೆಸರು ಕೂಡ ಸರಿಯಾಗಿ ಗೊತ್ತಿಲ್ಲ ಅವ್ರಿಗೆ, ಹಡಗಿನ ದೊಡ್ಡಮ್ಮ ಅಂತಾರೆ."

"ಹಂಗಂತ ಬದುಕಿರುವಾಗ್ಲೇ..."

"ಸತ್ತ ಮೇಲೆ ರುಚಿ ಗೊತ್ತಾಗಲ್ವಲ್ಲೋ. ಚೆನ್ನಾಗಿದೆ ಮಮತಾ ಸಾರು." ಅವಳು ಎಡಗೈಯಿಂದ ಸೆರಗು ಸರಿಮಾಡಿಕೊಂಡು ಆ ಸಾಲಿನ ಕಡೆ ನೋಡಿದಳು. "ಸಿದ್ದ, ಲಕ್ಷ್ಮೀದೇವತ್ತೆ ಎಲೆ ಎಲ್ಲಿದೆ ತೋರ್ಸು."

ಸಿದ್ದರಾಜುವಿಗೆ ಒಂದು ಕ್ಷಣ ಆ ಹೆಸರೇ ಅರ್ಥವಾಗಲಿಲ್ಲ.

ಲಕ್ಷ್ಮೀದೇವಮ್ಮ ಅಪ್ಪನ ತಂಗಿ. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮಡಿಲಲ್ಲಿ ಕೂಸಿಲ್ಲದೆ ಈ ಮನೆಗೆ ತಿರುಗಿ ಬಂದವಳು. ಅಕ್ಕ ಸ್ಕೂಲಿಗೆ ಹೋದ ಹೊತ್ತಿನಲ್ಲಿ ಸಿದ್ದರಾಜುವನ್ನು ನೋಡಿಕೊಂಡವಳು ಅವಳೇ. ಈ ಮನೆಯ ಒಲೆ ಊದಿ ಊದಿ ಅವಳ ಕಣ್ಣು ಮಂಜಾದವು. ಮೂಲೆಯ ಕೋಣೆಯಲ್ಲಿ ಸತ್ತಳು. ಹೊಲದ ಬದಿಯಲ್ಲಿ ಮಣ್ಣು ಮಾಡಿದರು. ಆಗ ಸಿದ್ದರಾಜು ಹೈಸ್ಕೂಲಿನಲ್ಲಿದ್ದ, ಎರಡು ದಿನ ಅತ್ತಿದ್ದ. ಆಮೇಲೆ ಬಂದ ಪಿತೃಪಕ್ಷದಲ್ಲಿ ಅಪ್ಪ ಎಲೆ ಹಾಕಿದ, ಅಪ್ಪ ಹೋದ ಮೇಲೆ ತಾನು ಹಾಕಿದ. ಒಂದು ವರ್ಷವಾದರೂ, ಒಂದೇ ಒಂದು ವರ್ಷವಾದರೂ, ಆ ಸಾಲಿನಲ್ಲಿ ಅವಳಿಲ್ಲ ಎನ್ನುವುದು ಅವನ ತಲೆಗೆ ಹೊಳೆದಿರಲಿಲ್ಲ. ಅವಳನ್ನು ಬೇಕೆಂದು ಬಿಟ್ಟಿದ್ದರೆ ಒಂದು ಮಾತು. ಬಿಟ್ಟಿದ್ದೇವೆಂಬುದೇ ಯಾರಿಗೂ ಗೊತ್ತಿರಲಿಲ್ಲ.

ಅವನು ಬಾಗಿಲಿನ ಚೌಕಟ್ಟು ಹಿಡಿದುಕೊಂಡ.

"ನಂಗೂ ಹೊಳೆದಿರ್ಲಿಲ್ಲ ಕಣೋ," ಎಂದಳು ಅಕ್ಕ. ದನಿಯಲ್ಲಿ ಆಪಾದನೆ ಇರಲಿಲ್ಲ. "ಆ ಮೊಟ್ಟೆ ತಿನ್ನೋಳ ಕುರ್ಚಿ ಖಾಲಿಯಾಯ್ತಲ್ಲ, ಅವತ್ತು ಮ್ಯಾಜಿಕ್ ನೋಡ್ತಾ ಕೂತಿದ್ದಾಗ ಹೊಳೀತು. ಈ ಹಡಗಿನ ಜನ ಎಷ್ಟು ಕಲ್ಲು ಅಂದ್ಕೊಳ್ತಿದ್ದೆ. ಆಮೇಲೆ ನಮ್ಮತ್ತೆ ನೆನಪಾದ್ಲು. ನಾವೇನು ಮಾಡಿದ್ವಿ? ಅಲ್ಲಿ ಸಾಯಂಕಾಲ ಶೋ ಇತ್ತು, ಇಲ್ಲಿ ರಾಗಿ ಕುಯ್ಲಿತ್ತು. ವ್ಯತ್ಯಾಸ ಅಂದ್ರೆ, ಹಡಗಲ್ಲಿ ಯಾರಿಗೂ ಎಲೆ ಇಲ್ಲ. ಒಬ್ಬರಿಗಿದ್ದು ಒಬ್ಬರಿಗಿಲ್ಲ ಅನ್ನೋ ಹಂಗಿಲ್ಲ. ಅದಕ್ಕೇ ನಂಗೆ ಅಲ್ಲಿ ನಿದ್ದೆ ಬರುತ್ತೆ."

"ನಾನು ನಿಂಗೆ ರೂಮ್..." ಎಂದ ಸಿದ್ದರಾಜು. ವಾರದಿಂದ ಕಾಯಿಸಿಟ್ಟ ಮಾತು ಅಷ್ಟರಲ್ಲೇ ಒಡೆದು ಬಿತ್ತು.

"ಗೊತ್ತು ಕಣೋ. ಬಂದ ದಿನಾನೇ ಗೊತ್ತಾಯ್ತು, ನೀನು ಯಾಕೆ ಕಟ್ಟಿದ್ದೀಯ ಅಂತ. ನೀನು ಹೇಳ್ದೆ ಹೋದ್ರೆ ಸಾಕಪ್ಪ ಅಂತಿದ್ದೆ, ಹೇಳಿದ್ರೆ ಇಲ್ಲ ಅನ್ನೋಕಾಗ್ತಿರ್ಲಿಲ್ಲ." ಅಕ್ಕ ಎಲೆಯ ಮೇಲಿನ ಸಾರನ್ನು ಬೆರಳಿನಿಂದ ಒಟ್ಟುಮಾಡಿದಳು. "ಲಕ್ಷ್ಮೀದೇವತ್ತೆಗೂ ರೂಮಿತ್ತು, ಸಿದ್ದ."

ಸಿಂಚನ ಮೂಗು ಎಳೆದುಕೊಂಡಳು. ಮಮತ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲಿಯೇ ಕುಸಿದು ಕೂತಿದ್ದಳು. ಅವಳೂ ಕೊಟ್ಟ ಹೆಣ್ಣೇ; ತನ್ನ ತವರಿನ ಸಾಲಿನಲ್ಲಿ ಯಾರು ಯಾರು ಇಲ್ಲ ಎಂದು ಅವಳು ಎಣಿಸುತ್ತಿದ್ದಳೋ ಏನೋ.

ಸಿದ್ದರಾಜು ಹಿತ್ತಿಲಿಗೆ ಹೋದ. ಕತ್ತಲಾಗಿತ್ತು. ಅಮಾವಾಸ್ಯೆ ಕತ್ತಲಲ್ಲಿ ಬಾಳೆ ಕಡಿಯಬಾರದು ಎನ್ನುತ್ತಾರೆ. ಅವನು ಕುಡುಗೋಲಿನಲ್ಲಿ ಒಂದು ಎಲೆ ಕಡಿದು, ತೊಳೆದು ತಂದ. ಅವ್ವನ ಎಲೆಗೂ ಅಜ್ಜಿಯ ಎಲೆಗೂ ನಡುವೆ ಜಾಗ ಸರಿಸಿ ಹಾಸಿದ. ಎಲೆ ಎರಡು ಸಲ ಮಡಚಿಕೊಂಡಿತು.

"ಬಡಿಸು," ಎಂದ ಮಮತಳಿಗೆ.

"ಈಗ್ಲಾ? ಒಂದ್ಸಲ ಬಾಗ್ಲು ತೆಗೆದ ಮೇಲೆ..."

"ಬಡಿಸೇ. ಮುದ್ದೆ ಸಣ್ಣದು ಹಾಕು. ಅವಳಿಗೆ ಹಲ್ಲಿರ್ಲಿಲ್ಲ, ಮೂಳೆ ಬೇಡ."

ಮಮತ ಎದ್ದು ಬಡಿಸಿದಳು. ಹೊಸ ಸೀರೆ ಇನ್ನೊಂದು ಇರಲಿಲ್ಲ. ಅಕ್ಕ ತನ್ನ ಎಂಜಲೆಲೆ ಎತ್ತಿ, ಕೈ ತೊಳೆದು ಬಂದು, ತಾನು ಹೊದ್ದ ಸೀರೆಯನ್ನು ತೆಗೆದು ಮಡಚಿ ಆ ಎಲೆಯ ಮುಂದಿಟ್ಟಳು. ಕೆಂಡ ಆರಿತ್ತು, ಸಿಂಚನ ಓಡಿಹೋಗಿ ಒಲೆಯ ಮೇಲೆ ಇದ್ದಿಲು ಕಾಯಿಸಿ ತಂದಳು. ಮತ್ತೆ ಸಾಂಬ್ರಾಣಿ, ಮತ್ತೆ ಹೊಗೆ. ಲೈಟು ಆರಿಸಿದರು. ಈ ಸಲ ಹೊರಗೆ ಬಂದು ಸಿದ್ದರಾಜು ತಿರುಗಿ ನೋಡಿದ. ಅಕ್ಕ ಅವನ ಹಿಂದೆಯೇ ಹೊಸ್ತಿಲು ದಾಟಿ ಬಂದು, ತಾನೇ ಬಾಗಿಲು ಎಳೆದಳು.

ಇಬ್ಬರೂ ಕಂಬದ ಹತ್ತಿರ ನಿಂತರು. ಹೇಳುವುದಿದ್ದರೆ ಹೇಳಬಹುದಾಗಿತ್ತು. ಹೇಳಿದರೆ ಇಲ್ಲ ಎನ್ನಲಾರೆ ಎಂದು ಅವಳೇ ಬಾಯಿಬಿಟ್ಟು ಹೇಳಿದ್ದಳು. ಸಿದ್ದರಾಜು ಆ ಮಾತನ್ನು ಒಳಗೇ ಎತ್ತಿ ನೋಡಿದ. ರೂಮು ಕೊಟ್ಟು ಎಲೆ ಕೊಡದ ಈ ಮನೆಯಲ್ಲಿ ನಿಂತು ಆಡುವ ಮಾತು ಅದಾಗಿರಲಿಲ್ಲ.

"ನಾಳೆ ಟ್ಯಾಕ್ಸಿ ಹೇಳ್ಬೇಡ," ಎಂದ, ಆದಷ್ಟು ಕೆಳದನಿಯಲ್ಲಿ. "ನಾನೇ ಬಿಡ್ತೀನಿ ಏರ್‌ಪೋರ್ಟಿಗೆ."

"ಶ್!" ಎಂದಳು ಮಮತ.

ಅಕ್ಕ ಆಗಲೆಂದು ತಲೆಯಾಡಿಸಿದಳು. ಸಿದ್ದರಾಜು ಮತ್ತೆ ಅಂದ: "ದೊಡ್ಡಬಳ್ಳಾಪುರದ ಮೇಲೆ ಹೊಸ ರೋಡಲ್ಲಿ ಹೋದ್ರೆ ಬೇಗ ಹೋಗ್ಬಹುದು."

"ನಿಧಾನಕ್ಕೇ ಹೋಗಣ ಬಿಡೋ," ಎಂದಳು ಅಕ್ಕ.